ಯಂತ್ರಕ್ಕೆ ವಿದ್ಯುತ್ತಿನ ನಂಟು

ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ದೊಡ್ಡ ಪ್ರಮಾಣದಲ್ಲಿ ಬಂದುದು ದೀಪ ಉರಿಸುವುದಕ್ಕಾಗಿ ಅಲ್ಲ, ಯಂತ್ರ ನಡೆಸುವುದಕ್ಕಾಗಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತನ್ನು ತಂತಿಗಳ ಮೂಲಕ ಸುಮಾರು 150 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ಆಮೇಲೆ, 1905ರಲ್ಲಿ. ಬೆಳಕಿಗಿಂತ ದುಡಿಮೆ ಮೂರು ವರ್ಷ ಹಿರಿದು.

ವಿದ್ಯುತ್ತು ಬರುವುದಕ್ಕೆ ಮುಂಚೆ ದೊಡ್ಡ ಕಾರ್ಯಾಗಾರಗಳಲ್ಲಿ ಒಂದೇ ಒಂದು ಉಗಿಯಂತ್ರ ಇರುತ್ತಿತ್ತು. ಮಾಡಿನ ಕೆಳಗೆ ಉದ್ದಕ್ಕೂ ಉಕ್ಕಿನ ದಂಡವೊಂದು ತಿರುಗುತ್ತಿತ್ತು. ಅದರಿಂದ ಇಳಿದುಬಂದ ತೊಗಲಿನ ಪಟ್ಟಿಗಳು ನೆಲದ ಮೇಲಿನ ಒಂದೊಂದು ಯಂತ್ರವನ್ನೂ ತಿರುಗಿಸುತ್ತಿದ್ದವು. ಪಟ್ಟಿಗೆ ಅಂಗಿಯ ತೋಳು ಸಿಕ್ಕಿಕೊಂಡರೆ ಕೈಯೇ ಹೋಗಬಹುದಾಗಿತ್ತು. ಆದರೆ ಆ ಅಪಾಯವು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಇಂದು ಪೀಣ್ಯದ ಲೇತಿಗೂ, ಬೆಳಗಾವಿಯ ಉದ್ಯಮಬಾಗಿನ ಕೊರೆಯುವ ಯಂತ್ರಕ್ಕೂ, ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಕಡೆಯುವ ಚಕ್ರಕ್ಕೂ ಅದರದರದೇ ಮೋಟಾರು ಉಂಟು. ಪಟ್ಟಿಗಳ ಗದ್ದಲ ಅಡಗಿತು. ಅದರೊಂದಿಗೆ ಅಪಾಯವೂ ಕಣ್ಣಿಗೆ ಕಾಣದಂತೆ ಅಡಗಿಕೊಂಡಿತು. ಪ್ರಾಣ ತೆಗೆಯಬಲ್ಲ ತಂತಿಯೂ ಸತ್ತ ತಂತಿಯೂ ನೋಡುವುದಕ್ಕೆ ಒಂದೇ ತೆರನಾಗಿರುತ್ತವೆ.

ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಯಂತ್ರವೊಂದಕ್ಕೆ ವಿದ್ಯುತ್ತನ್ನು ಜೋಡಿಸುವುದೆಂದರೆ ತಂತಿಯ ತುದಿಗಳನ್ನು ತಿರುಪಿನಿಂದ ಬಿಗಿಯುವುದು ಎಂದಷ್ಟೇ ಅನೇಕರು ತಿಳಿದಿರುತ್ತಾರೆ. ಅದು ಕೆಲಸದ ಅರ್ಧ ಭಾಗ ಮಾತ್ರ. ವಿದ್ಯುತ್ತು ದುಡಿಯುವುದಕ್ಕೆ ಒಂದು ದಾರಿ ಬೇಕು. ಅದು ದಾರಿ ತಪ್ಪಿದಾಗ ಮನುಷ್ಯನನ್ನು ಮುಟ್ಟದೆ ಹಿಂದಿರುಗುವುದಕ್ಕೆ ಇನ್ನೊಂದು ದಾರಿ ಬೇಕು. ಮೊದಲನೆಯ ದಾರಿ ಇಲ್ಲದಿದ್ದರೆ ಯಂತ್ರ ತಿರುಗುವುದಿಲ್ಲ, ಆದ್ದರಿಂದ ಅದನ್ನು ಯಾರೂ ಮರೆಯುವುದಿಲ್ಲ. ಎರಡನೆಯದು ಇಲ್ಲದಿದ್ದರೂ ಯಂತ್ರ ಚೆನ್ನಾಗಿಯೇ ತಿರುಗುತ್ತದೆ. ತೊಂದರೆ ಇರುವುದು ಇಲ್ಲಿಯೇ.

ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಕಾರ್ಯಾಗಾರಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು ಬರುತ್ತವೆ. ಅವುಗಳಲ್ಲಿ ಮೂರು ಫೇಸ್ ತಂತಿಗಳು. ಇವನ್ನು ಕೆಂಪು, ಹಳದಿ, ನೀಲಿ ಬಣ್ಣಗಳಿಂದ ಗುರುತಿಸುತ್ತಾರೆ. ನಾಲ್ಕನೆಯದು ನ್ಯೂಟ್ರಲ್ ತಂತಿ. ಇದರ ಬಣ್ಣ ಕಪ್ಪು. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್ ಇರುತ್ತದೆ. ಹಾಗಾದರೆ ಎರಡು ಫೇಸುಗಳ ನಡುವೆ ಅದರ ಎರಡರಷ್ಟು, ಎಂದರೆ 460 ವೋಲ್ಟ್ ಇರಬೇಕಲ್ಲವೆ ಎಂದು ನೀವು ಕೇಳಬಹುದು. ಹಾಗಿಲ್ಲ. ಸೆಕೆಂಡಿಗೆ 50 ಬಾರಿ ಆವರ್ತಿಸುವ ಈ ಮೂರು ವಿದ್ಯುತ್ತುಗಳು ಒಂದೇ ಗಳಿಗೆಯಲ್ಲಿ ಏರಿ ಇಳಿಯುವುದಿಲ್ಲ. ಒಂದರ ಹಿಂದೆ ಒಂದು, ಆವರ್ತದ ಮೂರನೆಯ ಒಂದು ಭಾಗದಷ್ಟು ಹಿಂದುಳಿದು ಬರುತ್ತವೆ. ಆದಕಾರಣ ಎರಡು ಫೇಸುಗಳ ನಡುವಿನ ಅಂತರವನ್ನು ತಿಳಿಯಲು 230ನ್ನು ಮೂರರ ವರ್ಗಮೂಲವಾದ 1.732ರಿಂದ ಗುಣಿಸಬೇಕು. ಬರುವ ಉತ್ತರ ಸುಮಾರು 400 ವೋಲ್ಟ್. ಹೀಗೆ ಸರದಿಯ ಮೇಲೆ ಬರುವುದರಿಂದಲೇ ಅವು ಮೋಟಾರಿನೊಳಗೆ ಸುತ್ತುವ ಕಾಂತಕ್ಷೇತ್ರವನ್ನು ಉಂಟುಮಾಡಿ ಅದನ್ನು ತಿರುಗಿಸುತ್ತವೆ.

ವಿದ್ಯುತ್ಪ್ರವಾಹವು ಎಲ್ಲಿಂದ ಹೊರಟಿತೋ ಅಲ್ಲಿಗೇ ಹಿಂದಿರುಗಬೇಕು. ಹೊರಟ ಮನೆ ಟ್ರಾನ್ಸ್‌ಫಾರ್ಮರು. ಅಲ್ಲಿ ನ್ಯೂಟ್ರಲ್ ತಂತಿಯನ್ನು ಉದ್ದೇಶಪೂರ್ವಕವಾಗಿಯೇ ಭೂಮಿಗೆ ಜೋಡಿಸಿರುತ್ತಾರೆ. ಆದ್ದರಿಂದ ನಾವು ನಿಂತ ನೆಲವೂ ಆ ಮನೆಗೆ ಹೋಗುವ ಒಂದು ದಾರಿ. ಫೇಸ್ ತಂತಿಯನ್ನು ಮುಟ್ಟಿ ನೆಲದ ಮೇಲೆ ನಿಂತವನು ಆ ದಾರಿಯಲ್ಲಿ ತಾನೇ ಒಂದು ಸೇತುವೆಯಾಗುತ್ತಾನೆ.

ಈಗ ಒಂದು ಮರಗೆಲಸದ ಕಾರ್ಯಾಗಾರವನ್ನು ಊಹಿಸಿಕೊಳ್ಳಿ. ಅಲ್ಲಿ ಎರಕದ ಕಬ್ಬಿಣದ ಮೇಜಿನ ಮೇಲೆ ಚಕ್ರಗರಗಸವಿದೆ. ಯಂತ್ರ ದಿನವೂ ನಡುಗುತ್ತದೆ. ಮೋಟಾರಿನ ಪೆಟ್ಟಿಗೆಯ ಬಾಯಿಯಲ್ಲಿ ತಂತಿಯ ಹೊದಿಕೆ ಲೋಹದ ಅಂಚಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಒಂದು ದಿನ ಒಳಗಿನ ತಾಮ್ರವು ಕಬ್ಬಿಣವನ್ನು ಮುಟ್ಟುತ್ತದೆ. ಆ ಕ್ಷಣದಿಂದ ಮೇಜು, ಹಿಡಿಕೆ, ಕಾಪು ಎಲ್ಲಕ್ಕೂ 230 ವೋಲ್ಟ್. ಗರಗಸ ಮಾತ್ರ ಎಂದಿನಂತೆಯೇ ತಿರುಗುತ್ತಿರುತ್ತದೆ.

ಬೆವರಿದ ಕೈಯಿಂದ ಬಡಗಿಯೊಬ್ಬನು ಆ ಮೇಜನ್ನು ಮುಟ್ಟಿದನೆನ್ನಿ. ಮನುಷ್ಯದೇಹದ ರೋಧವು ಚರ್ಮದ ಒದ್ದೆ, ಕಾಲಿನ ಕೆಳಗಿನ ನೆಲ ಮೊದಲಾದುವನ್ನು ಅನುಸರಿಸಿ ಬದಲಾಗುತ್ತದೆ. ಲೆಕ್ಕಕ್ಕೆ 1,000 ಓಮ್ ಎಂದು ಹಿಡಿಯೋಣ. ಓಮನ ನಿಯಮದಂತೆ 230ನ್ನು 1,000ದಿಂದ ಭಾಗಿಸಿದರೆ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್. ಒಂದು ಮಿಲಿಆಂಪಿಯರ್ ಹರಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಸ್ನಾಯುಗಳು ಸೆಟೆದು ಹಿಡಿದುದನ್ನು ಬಿಡಲಾಗುವುದಿಲ್ಲ. ಐವತ್ತನ್ನು ದಾಟಿ ಒಂದೆರಡು ಸೆಕೆಂಡು ಹರಿದರೆ ಗುಂಡಿಗೆಯು ತನ್ನ ತಾಳ ತಪ್ಪಿ ನಿಂತುಹೋಗುವ ಸಂಭವವುಂಟು. ನಮ್ಮ ಬಡಗಿಯ ಮೈಯಲ್ಲಿ ಹರಿಯುವುದು ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಫ್ಯೂಸ್ ಏನು ಮಾಡುತ್ತಿರುತ್ತದೆ? ಏನೂ ಮಾಡುವುದಿಲ್ಲ. ಅದು 15 ಆಂಪಿಯರಿನ ಫ್ಯೂಸ್. ಅರವತ್ತು ವಾಟಿನ ಹಳೆಯ ಬಲ್ಬೊಂದು ಸುಮಾರು 0.26 ಆಂಪಿಯರನ್ನು ಎಳೆಯುತ್ತದೆ. ಸಾಯುತ್ತಿರುವ ಮನುಷ್ಯನು ಅಷ್ಟನ್ನೂ ಎಳೆಯುವುದಿಲ್ಲ. ಫ್ಯೂಸಿನ ಲೆಕ್ಕಕ್ಕೆ ಅವನು ಒಂದು ಮಂಕು ಬಲ್ಬು. ಫ್ಯೂಸ್ ಇದೆಯೆಂದ ಮೇಲೆ ಭಯವಿಲ್ಲ ಎಂಬ ಮಾತನ್ನು ಕಾರ್ಯಾಗಾರಗಳಲ್ಲಿ ಪದೇ ಪದೇ ಕೇಳುತ್ತೇವೆ. ಫ್ಯೂಸ್ ಇರುವುದು ತಂತಿಗಳನ್ನು ಬೆಂಕಿಯಿಂದ ಕಾಪಾಡುವುದಕ್ಕೆ. ಮನುಷ್ಯನನ್ನೂ ಅದು ಕಾಪಾಡಬೇಕಾದರೆ ಮತ್ತೊಂದು ತಂತಿಯ ನೆರವು ಬೇಕು. ಅದೇ ಹಸಿರು ಬಣ್ಣದ ಭೂಸಂಪರ್ಕದ ತಂತಿ.

ಈ ತಂತಿಯು ಯಂತ್ರದ ಲೋಹದ ಮೈಯಿಂದ ಹೊರಟು ನೆಲದೊಳಗೆ ಹೂತ ಲೋಹವನ್ನು ಸೇರುತ್ತದೆ. ಸಾಮಾನ್ಯ ದಿನಗಳಲ್ಲಿ ಇದರಲ್ಲಿ ಏನೂ ಹರಿಯುವುದಿಲ್ಲ. ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ತಂತಿ ಇದು. ಹಣ ಉಳಿಸಲು ಹೊರಟವನ ಕಣ್ಣು ಮೊದಲು ಬೀಳುವುದೂ ಇದರ ಮೇಲೆಯೇ. ಈಗ ಅದೇ ಗರಗಸಕ್ಕೆ ಒಳ್ಳೆಯ ಭೂಸಂಪರ್ಕವಿದೆ ಎಂದಿಟ್ಟುಕೊಳ್ಳಿ. ತಂತಿ, ನಮ್ಮ ಗುಂಡಿ, ನಡುವಣ ಮಣ್ಣು, ಟ್ರಾನ್ಸ್‌ಫಾರ್ಮರಿನ ಗುಂಡಿ ಎಲ್ಲವೂ ಸೇರಿ ದಾರಿಯ ಒಟ್ಟು ರೋಧ 5 ಓಮ್ ಇರಲಿ. ಫೇಸ್ ತಂತಿ ಮೇಜನ್ನು ಮುಟ್ಟಿದೊಡನೆ 230ನ್ನು 5ರಿಂದ ಭಾಗಿಸಿದಷ್ಟು, ಎಂದರೆ 46 ಆಂಪಿಯರ್ ನುಗ್ಗುತ್ತದೆ. ಇದನ್ನು ಫ್ಯೂಸ್ ಕಡೆಗಣಿಸಲಾರದು. ಕೆಲವೇ ಸೆಕೆಂಡುಗಳಲ್ಲಿ ಕರಗಿ ಬೀಳುತ್ತದೆ. ಗರಗಸ ನಿಲ್ಲುತ್ತದೆ. ಬಡಗಿ ಬೈದುಕೊಂಡು ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಾನೆ.

ಇನ್ನು, ಭೂಸಂಪರ್ಕವಿದೆ ಆದರೆ ಕೆಟ್ಟಿದೆ ಎನ್ನೋಣ. ಗುಂಡಿ ಒಣಗಿ, ದಾರಿಯ ಒಟ್ಟು ರೋಧ 100 ಓಮಿಗೆ ಏರಿದೆ. ಅದರಲ್ಲಿ 95 ಓಮ್ ನಮ್ಮ ಗುಂಡಿಯದೇ. ಆಗ ಹರಿಯುವುದು 2.3 ಆಂಪಿಯರ್ ಮಾತ್ರ. ಫ್ಯೂಸ್ ಅಲ್ಲಾಡುವುದಿಲ್ಲ. ಮೇಜಿನ ಮೇಲೆ 2.3ನ್ನು 95ರಿಂದ ಗುಣಿಸಿದಷ್ಟು, ಸುಮಾರು 218 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಹಸಿರು ತಂತಿ ಕಣ್ಣಿಗೆ ಕಾಣುತ್ತಿದೆ, ಗೋಡೆಯ ಪಕ್ಕದಲ್ಲಿ ಗುಂಡಿಯ ಮುಚ್ಚಳವೂ ಇದೆ. ಆದರೂ ಕಾಪಾಡುವವರು ಯಾರೂ ಇಲ್ಲ. ಭೂಸಂಪರ್ಕವೇ ಇಲ್ಲದ ಯಂತ್ರದ ಹತ್ತಿರ ತಿಳಿದವನು ಎಚ್ಚರಿಕೆಯಿಂದಾದರೂ ಇರುತ್ತಾನೆ. ಇದ್ದೂ ಇಲ್ಲದಂತಿರುವ ಭೂಸಂಪರ್ಕವನ್ನು ನಂಬಿದವನಿಗೆ ಆ ಎಚ್ಚರವೂ ಇರುವುದಿಲ್ಲ.

ಗುಂಡಿಯ ರಚನೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸುಮಾರು ಎರಡೂವರೆ ಮೀಟರು ಉದ್ದದ, ಸತುವಿನ ಲೇಪವಿರುವ ಕಬ್ಬಿಣದ ಕೊಳವೆಯೊಂದನ್ನು ನೆಲದಲ್ಲಿ ನೆಟ್ಟಗೆ ಹೂಳುತ್ತಾರೆ. ಕೊಳವೆಯ ಮೈಯಲ್ಲಿ ತೂತುಗಳಿರುತ್ತವೆ. ಅದರ ಸುತ್ತ ಇದ್ದಿಲನ್ನೂ ಉಪ್ಪನ್ನೂ ಪದರಪದರವಾಗಿ ತುಂಬುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಇದ್ದಿಲು ತೇವವನ್ನು ಹಿಡಿದಿಡುತ್ತದೆ. ಉಪ್ಪು ಆ ತೇವದಲ್ಲಿ ಕರಗಿ ಮಣ್ಣಿನ ರೋಧವನ್ನು ತಗ್ಗಿಸುತ್ತದೆ. ಕೊಳವೆಯನ್ನು ನಿಧಾನವಾಗಿ ತಿನ್ನುವುದೂ ಅದೇ ಉಪ್ಪೇ. ಆದಕಾರಣ ಕೆಲವು ವರ್ಷಗಳಿಗೊಮ್ಮೆ ಅಗೆದು ನೋಡುವುದು ಅವಶ್ಯಕ. ಮೇಲೆ ಇಟ್ಟಿಗೆಯ ಚಿಕ್ಕ ತೊಟ್ಟಿ, ಅದರೊಳಗೆ ನೀರು ಹುಯ್ಯಲು ಆಲಿಕೆ. ಬಯಲುಸೀಮೆಯ ಬೇಸಗೆಯಲ್ಲಿ ಈ ಆಲಿಕೆಗೆ ಬಿಂದಿಗೆ ನೀರು ಹುಯ್ಯುವುದು ಹೂಗಿಡಕ್ಕೆ ನೀರೆರೆಯುವುದಕ್ಕಿಂತ ಮುಖ್ಯವಾದ ಕೆಲಸ. ನೋಡಿದವರು ನಕ್ಕರೆ ನಗಲಿ.

1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಸ್ಥಿರವಾಗಿ ನಿಲ್ಲಿಸಿದ ಪ್ರತಿಯೊಂದು ಮೋಟಾರಿನ ಚೌಕಟ್ಟನ್ನೂ ಎರಡು ಪ್ರತ್ಯೇಕ ಸಂಪರ್ಕಗಳಿಂದ ಭೂಮಿಗೆ ಜೋಡಿಸಬೇಕೆಂದು ವಿಧಿಸಿದ್ದವು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊರಡಿಸಿದ ನಿಬಂಧನೆಗಳೂ ಈ ಮಾತನ್ನು ಉಳಿಸಿಕೊಂಡವು. ಒಂದು ಸಾಲದೆ, ಎರಡೇಕೆ? ಫೇಸ್ ತಂತಿ ಕಡಿದರೆ ಯಂತ್ರ ನಿಂತು ನಮಗೆ ತಿಳಿಯುತ್ತದೆ. ಭೂಸಂಪರ್ಕದ ತಂತಿ ಕಡಿದರೆ ಯಾರಿಗೂ ತಿಳಿಯುವುದಿಲ್ಲ. ನಿಶ್ಶಬ್ದವಾಗಿ ಸೋಲಬಲ್ಲ ವಸ್ತುವಿಗೆ ಜೊತೆಗಾರನೊಬ್ಬನಿರಲಿ ಎಂಬುದೇ ನಿಯಮದ ತಾತ್ಪರ್ಯ. ಇದೇ ಕಾರಣದಿಂದ ಭೂಸಂಪರ್ಕದ ತಂತಿಯಲ್ಲಿ ಫ್ಯೂಸನ್ನಾಗಲಿ ಸ್ವಿಚ್ಚನ್ನಾಗಲಿ ಎಂದಿಗೂ ಇಡಬಾರದು. ನೀರಿನ ಕೊಳಾಯಿಯ ಕೊಳವೆಗೆ ತಂತಿ ಸುತ್ತಿ ಭೂಸಂಪರ್ಕವಾಯಿತೆನ್ನುವವರೂ ಇದ್ದಾರೆ. ಆ ಕೊಳವೆಯ ಒಂದು ತುಂಡನ್ನು ಯಾರಾದರೂ ಪ್ಲಾಸ್ಟಿಕ್ಕಿಗೆ ಬದಲಾಯಿಸಿದ ದಿನ ಪಕ್ಕದ ಮನೆಯ ನಲ್ಲಿಯೇ ಯಂತ್ರದ ಮೈಯಾಗುತ್ತದೆ.

ಒಳ್ಳೆಯ ಗುಂಡಿಯಿದ್ದರೂ ಫ್ಯೂಸ್ ಕರಗುವವರೆಗಿನ ಕೆಲವು ಸೆಕೆಂಡುಗಳು ಉಳಿದೇ ಇರುತ್ತವೆ. ಈ ಅಂತರವನ್ನು ತುಂಬಲು ಈಗ ಸೋರಿಕೆಯನ್ನು ಹಿಡಿಯುವ ಸ್ವಿಚ್ಚುಗಳು ಬಂದಿವೆ. ಅಂಗಡಿಯಲ್ಲಿ ಅದರ ಹೆಸರು ಆರ್.ಸಿ.ಸಿ.ಬಿ. ಇದರೊಳಗೆ ಫೇಸ್ ತಂತಿಗಳೂ ನ್ಯೂಟ್ರಲೂ ಒಂದೇ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದ ಪ್ರವಾಹಕ್ಕೂ ಹಿಂದಿರುಗಿದ ಪ್ರವಾಹಕ್ಕೂ ಲೆಕ್ಕ ಸರಿಹೋದರೆ ಉಂಗುರ ಸುಮ್ಮನಿರುತ್ತದೆ. 30 ಮಿಲಿಆಂಪಿಯರಿನಷ್ಟು ಕಡಿಮೆ ಬಂದರೂ ಎಲ್ಲಿಯೋ ಸೋರಿದೆ ಎಂದರಿತು ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಇದು ಮನುಷ್ಯನನ್ನು ಬಲ್ಬೆಂದು ತಿಳಿಯುವ ಉಪಕರಣವಲ್ಲ. ಆದರೂ ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲನ್ನೂ ಹಿಡಿದವನನ್ನು ಅದು ಕಾಪಾಡಲಾರದು. ಅಲ್ಲಿ ಲೆಕ್ಕ ಸರಿಯಾಗಿಯೇ ಇರುತ್ತದಲ್ಲ! ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಇದನ್ನು ಹಾಕಿದ ಮಾತ್ರಕ್ಕೆ ಭೂಸಂಪರ್ಕವನ್ನು ಬಿಡಬಹುದೆಂದು ಯಾರೂ ತಿಳಿಯಬಾರದು.

ಇನ್ನು ಮೋಟಾರಿನ ಆರಂಭದ ವಿಚಾರ. ಐದು ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ ಪ್ರತಿ ಫೇಸಿನಿಂದಲೂ ಸುಮಾರು 7 ಆಂಪಿಯರನ್ನು ತೆಗೆದುಕೊಳ್ಳುತ್ತದೆ. ನಿಂತಲ್ಲಿಂದ ಎದ್ದು ಓಡುವ ಮೊದಲ ಕ್ಷಣಗಳಲ್ಲಿ ಮಾತ್ರ ಅದು ಐದಾರು ಪಟ್ಟನ್ನು ಎಳೆಯುತ್ತದೆ. ಈ ನೂಕುನುಗ್ಗಲನ್ನು ತಾಳುವಂತೆ ಫ್ಯೂಸನ್ನು ಸ್ವಲ್ಪ ದೊಡ್ಡದಾಗಿಯೇ ಆರಿಸಬೇಕಾಗುತ್ತದೆ. ಹಾಗೆ ದೊಡ್ಡದಾದ ಫ್ಯೂಸ್, ಮೋಟಾರು 10 ಆಂಪಿಯರನ್ನು ಎಳೆಯುತ್ತ ನಿಧಾನವಾಗಿ ಬೇಯುತ್ತಿದ್ದರೆ ಅದನ್ನು ಗಮನಿಸುವುದಿಲ್ಲ. ಅದಕ್ಕಾಗಿ ಸ್ಟಾರ್ಟರಿನಲ್ಲಿ ಅತಿಹೊರೆಯ ರಿಲೇ ಎಂಬ ಭಾಗವಿದೆ. ಅದರೊಳಗಿನ ಲೋಹದ ಪಟ್ಟಿಗಳು ಕಾವಿನಿಂದ ಮೆಲ್ಲನೆ ಬಾಗಿ ಸಂಪರ್ಕವನ್ನು ತಪ್ಪಿಸುತ್ತವೆ. ಮೂರರಲ್ಲಿ ಒಂದು ಫೇಸು ಹೋದಾಗಲೂ ಮೋಟಾರನ್ನು ಉಳಿಸುವುದು ಇದೇ. ಓಡುತ್ತಿರುವ ಮೋಟಾರು ಉಳಿದೆರಡು ಫೇಸುಗಳ ಮೇಲೆಯೇ ಗುಂಯ್‌ಗುಡುತ್ತ ಹೊರೆ ಎಳೆಯಲು ಹೆಣಗುತ್ತದೆ. ರಿಲೇ ಇಲ್ಲದಿದ್ದರೆ ಸುರುಳಿ ಸುಟ್ಟ ವಾಸನೆ ಬಂದಮೇಲೆಯೇ ಅದು ಗೊತ್ತಾಗುವುದು.

ಸ್ಟಾರ್ಟರಿನ ಇನ್ನೊಂದು ಗುಣ ಇದಕ್ಕಿಂತ ದೊಡ್ಡದೆಂದು ನನ್ನ ಭಾವನೆ. ವಿದ್ಯುತ್ತು ಹೋಗಿ ಬರುವುದು ನಮ್ಮಲ್ಲಿ ಅಪರೂಪವಲ್ಲ. ಗರಗಸ ನಡೆಯುತ್ತಿರುವಾಗ ವಿದ್ಯುತ್ತು ಹೋಯಿತು. ಬರುವವರೆಗೆ ಹಲ್ಲುಗಳಲ್ಲಿ ಸಿಕ್ಕಿದ ಚಕ್ಕೆಯನ್ನಾದರೂ ತೆಗೆಯೋಣವೆಂದು ಕೆಲಸಗಾರನು ಕೈ ಹಾಕಿದನು. ಯಂತ್ರಕ್ಕೆ ಇರುವುದು ಬರಿಯ ಗೋಡೆಯ ಸ್ವಿಚ್ಚಾದರೆ, ಅದು ಹಾಕಿದಂತೆಯೇ ಇರುತ್ತದೆ. ವಿದ್ಯುತ್ತು ಮರಳಿದೊಡನೆ ಗರಗಸವೂ ತಿರುಗುತ್ತದೆ. ಸ್ಟಾರ್ಟರಿನಲ್ಲಿ ಹಾಗಾಗುವುದಿಲ್ಲ. ಅದರ ಸಂಪರ್ಕಗಳನ್ನು ಹಿಡಿದಿಡುವುದು ಒಂದು ವಿದ್ಯುತ್ಕಾಂತ. ವಿದ್ಯುತ್ತು ಹೋದರೆ ಕಾಂತದ ಹಿಡಿತ ಸಡಿಲಿ ಸಂಪರ್ಕ ಕಳಚಿಕೊಳ್ಳುತ್ತದೆ. ಮರಳಿ ಬಂದರೂ ಹಸಿರು ಗುಂಡಿಯನ್ನು ಯಾರಾದರೂ ಒತ್ತುವವರೆಗೆ ಕೂಡಿಕೊಳ್ಳುವುದಿಲ್ಲ. ಹಸಿರು ಗುಂಡಿಗೆ ಬೆಣೆ ಹೊಡೆದು ಅದುಮಿಟ್ಟಿರುವುದನ್ನು ಹಿಟ್ಟಿನ ಗಿರಣಿಗಳಲ್ಲಿ ನಾನು ಕಂಡಿದ್ದೇನೆ. ಪ್ರತಿಸಲವೂ ಎದ್ದು ಹೋಗಿ ಒತ್ತುವ ಬೇಸರ ತಪ್ಪುತ್ತದಂತೆ! ಆ ಬೇಸರವೇ ಅಲ್ಲಿ ಕಾವಲುಗಾರ. ಕರಗಿದ ಫ್ಯೂಸ್ ತಂತಿಯ ಜಾಗದಲ್ಲಿ ಮೊಳೆಯನ್ನು ಸಿಕ್ಕಿಸುವವರೂ ಇದೇ ಬಳಗಕ್ಕೆ ಸೇರಿದವರು.

ತಂತಿ ಹಾಕುವ ವಿಧಾನವನ್ನು ಚಿಕ್ಕದಾಗಿ ಹೇಳಬಹುದು. ಕದಲದ ಯಂತ್ರಕ್ಕೆ ಕದಲದ ತಂತಿಯೇ ತಕ್ಕುದು. ನೆಲದ ಮೇಲೆ ಎಳೆದ ಮೆದು ತಂತಿಯನ್ನು ಜನ ತುಳಿಯುತ್ತಾರೆ, ಕಬ್ಬಿಣದ ತುಂಡುಗಳು ಅದರ ಮೇಲೆ ಬೀಳುತ್ತವೆ. ಲೋಹದ ಕೊಳವೆಯೊಳಗೆ, ಇಲ್ಲವೆ ಉಕ್ಕಿನ ಕವಚವಿರುವ ಕೇಬಲಿನಲ್ಲಿ ವಿದ್ಯುತ್ತನ್ನು ತರಬೇಕು. ಅದು ಮೋಟಾರಿನ ಪೆಟ್ಟಿಗೆಯೊಳಗೆ ಹೋಗುವ ತೂತಿನಲ್ಲಿ ಬಿಗಿಯಾದ ಗ್ಲ್ಯಾಂಡ್ ಇರಬೇಕು. ನಮ್ಮ ಊಹೆಯ ಗರಗಸ ಕೆಟ್ಟುದು ಆ ತೂತಿನಲ್ಲಿಯೇ ಎಂಬುದನ್ನು ನೆನೆಯಿರಿ. ಫ್ಯೂಸೂ ಸ್ವಿಚ್ಚೂ ಫೇಸ್ ತಂತಿಯಲ್ಲಿರಬೇಕು. ಎಲ್ಲ ಫೇಸುಗಳನ್ನೂ ಒಮ್ಮೆಗೇ ಕಡಿಯುವ ಸ್ವಿಚ್ಚೊಂದು ಯಂತ್ರದ ಬಳಿಯಲ್ಲಿಯೇ, ಮೊಣಕೈ ತಾಗಿದರೂ ಆರಿಸಬಹುದಾದ ಅಣಬೆಯಾಕಾರದ ಕೆಂಪು ಗುಂಡಿಯೊಂದು ಕೆಲಸಗಾರನು ನಿಲ್ಲುವ ಕಡೆಯಲ್ಲಿಯೇ ಇರಬೇಕು. ಈ ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರೇ ಮಾಡತಕ್ಕದ್ದು. ಇದನ್ನು ಓದಿದವರು ತಾವೇ ತಿರುಪುಳಿ ಹಿಡಿದು ಹೊರಡುವಂತಿಲ್ಲ.

ಜೋಡಣೆ ಮುಗಿದ ಮೇಲೆ ಮೋಟಾರು ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ನೋಡಬೇಕು. ಮೂರು ಫೇಸುಗಳಲ್ಲಿ ಯಾವುದಾದರೂ ಎರಡು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ನೀರೆತ್ತುವ ಪಂಪಾದರೆ ನೀರು ಸರಿಯಾಗಿ ಬರುವುದಿಲ್ಲ, ಅಷ್ಟೆ. ಸಾಣೆಯಂತ್ರದ ಕತೆ ಬೇರೆ. ಅದರ ಎರಡು ಕಲ್ಲುಗಳನ್ನು ಹಿಡಿದಿರುವ ನಟ್ಟುಗಳ ಮರೆಗಳು ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಇರುತ್ತವೆ. ಸರಿಯಾದ ದಿಕ್ಕಿನಲ್ಲಿ ತಿರುಗುತ್ತಿರುವಷ್ಟು ಹೊತ್ತು ಎರಡೂ ಬಿಗಿಯಾಗುತ್ತಲೇ ಹೋಗುತ್ತವೆ. ದಿಕ್ಕು ತಪ್ಪಿದರೆ ಎರಡೂ ಸಡಿಲುತ್ತವೆ. ವೇಗದಲ್ಲಿರುವ ಕಲ್ಲು ಕಳಚಿ ಹಾರಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಅನುಭವಿಯಾದ ಮೇಸ್ತ್ರಿಯು ಕಲ್ಲುಗಳನ್ನೂ ಪಟ್ಟಿಯನ್ನೂ ಏರಿಸುವುದಕ್ಕೆ ಮೊದಲು ಬರಿಯ ಮೋಟಾರನ್ನು ಒಂದು ಕ್ಷಣ ಮಾತ್ರ ನಡೆಸಿ ನೋಡುತ್ತಾನೆ. ಟ್ರಾನ್ಸ್‌ಫಾರ್ಮರು ಬದಲಾದ ಮಾರನೆಯ ದಿನವೂ ಹಾಗೆಯೇ ಮಾಡುತ್ತಾನೆ. ಅಲ್ಲಿ ಎರಡು ತಂತಿಗಳ ಸ್ಥಾನ ಬದಲಾಗಿದ್ದರೆ ಊರಿನ ಮೋಟಾರುಗಳೆಲ್ಲ ಹಿಂದುಮುಂದಾಗಿರುತ್ತವೆ.

ದುರಸ್ತಿಗಾಗಿ ಯಂತ್ರವನ್ನು ಬಿಚ್ಚುವಾಗ ಸ್ವಿಚ್ಚನ್ನು ಆರಿಸಿದರೆ ಸಾಲದು. ಇನ್ನಾರೋ ಬಂದು, ಯಂತ್ರ ಏಕೆ ನಿಂತಿದೆಯೆಂದು ಅದನ್ನು ಹಾಕಬಹುದು. ಸ್ವಿಚ್ಚಿನ ಹಿಡಿಗೆ ಬೀಗ ಹಾಕಿ ಕೀಲಿಕೈಯನ್ನು ಯಂತ್ರದೊಳಗೆ ಕೈಯಿಡುವವನೇ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ. ಬೀಗಕ್ಕೆ ಅವಕಾಶವಿಲ್ಲದ ಹಳೆಯ ಸ್ವಿಚ್ಚುಗಳಲ್ಲಿ ಮೂರು ಫ್ಯೂಸುಗಳ ಪಿಂಗಾಣಿಯ ಹಿಡಿಗಳನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಟೆಸ್ಟರನ್ನು ಮೊದಲು ವಿದ್ಯುತ್ತು ಖಂಡಿತ ಇರುವ ಬೇರೊಂದು ಜಾಗದಲ್ಲಿ ಮುಟ್ಟಿಸಿ, ಅದರ ದೀಪ ಉರಿಯುವುದನ್ನು ಕಂಡು, ಅನಂತರ ಯಂತ್ರದ ಮೂರು ತುದಿಗಳನ್ನೂ ಒಂದೊಂದಾಗಿ ಮುಟ್ಟಿಸಿ ನೋಡಬೇಕು. ಕೆಟ್ಟುಹೋದ ಟೆಸ್ಟರು ಎಲ್ಲ ತಂತಿಗಳನ್ನೂ ಸತ್ತ ತಂತಿಗಳೆಂದೇ ತೋರಿಸುತ್ತದೆ.